ಲೈಬ್ರರಿಯ ಗಂಟೆ

ಗಂಟೆಯ ಸದ್ದು ಅನ್ನುವಷ್ಟು ದೊಡ್ಡದೇನೂ ಆಗಿರಲಿಲ್ಲ ಅದು. ಪಿಂಗಾಣಿ ಬಟ್ಟಲಿಗೆ ಚಮಚ ತಾಗಿದಷ್ಟು, ಒಂದೇ ಸಲ. ಯುದ್ಧದ ಎರಡನೆಯ ಚಳಿಗಾಲದಲ್ಲಿ ಲಂಡನ್ನಿನಿಂದ ಬಂದವರು ಯಾರೂ ಗಾಢವಾಗಿ ಮಲಗುತ್ತಿರಲಿಲ್ಲ. ನಾನಂತೂ ಹುಟ್ಟಿದಾಗಿನಿಂದ ಒಂದು ಕಿವಿ ತೆರೆದುಕೊಂಡೇ ಮಲಗುವವಳು. ಶತ್ರು ವಿಮಾನಕ್ಕೆ ಬೆಳಕು ಕಾಣದಿರಲೆಂದು ಗಾಜಿಗೆ ತೆಳುಕಾಗದ ಅಂಟಿಸಿದ ಟಾರ್ಚ್ ಹಿಡಿದು ಬಾಗಿಲು ತೆರೆದೆ.

ಸ್ಟೋಕ್‌ಮೀರ್ ಹೌಸಿನ ನೆಲಮಾಳಿಗೆಯಲ್ಲಿ, ಆಳುಗಳ ಕೋಣೆಗಳ ಮುಂದಿನ ಕಾರಿಡಾರಿನಲ್ಲಿ, ಹಿತ್ತಾಳೆಯ ಗಂಟೆಗಳು ಸಾಲಾಗಿ ತೂಗುತ್ತಿದ್ದವು. ಮೇಲಿನ ಯಾವ ಕೋಣೆಯಲ್ಲಿ ಹಗ್ಗ ಎಳೆದರೂ ಗೋಡೆಯೊಳಗಿನ ತಂತಿ ಇಲ್ಲಿ ಆ ಕೋಣೆಯ ಗಂಟೆಯನ್ನು ಅಲುಗಿಸುತ್ತಿತ್ತು. ಪ್ರತಿ ಗಂಟೆಗೂ ಒಂದು ಪುಟ್ಟ ಲೋಲಕ. ಸದ್ದು ಅಡಗಿದ ಮೇಲೂ ಅದು ಬಹಳ ಹೊತ್ತು ತೂಗಾಡುತ್ತದೆ, ಕೈಕೆಲಸ ಬಿಟ್ಟು ಓಡಿ ಬಂದ ಆಳಿಗೆ ಕರೆದವರು ಯಾರೆಂದು ತಿಳಿಯಲಿ ಎಂದು.

ನನಗಿಂತ ಮೊದಲೇ ಮನೆಗೆಲಸದ ಮಾರ್ಗಿಟ್ ಅಲ್ಲಿ ನಿಂತಿದ್ದಳು. ಕಂಬಳಿ ಹೊದ್ದಿದ್ದಳು, ಬರಿಗಾಲು.

"ಲೈಬ್ರರಿ," ಎಂದಳು. ಲೋಲಕ ಇನ್ನೂ ಜೋರಾಗಿಯೇ ತೂಗುತ್ತಿತ್ತು.

ಅಡುಗೆಯ ಮಿಸೆಸ್ ಬಡ್ ತಮ್ಮ ಕೋಣೆಯೊಳಗಿಂದಲೇ ಗದರಿದರು: "ಯಾರ್ರೇ ಅದು? ಎಲ್ಲೋ ದೂರ ಬಾಂಬ್ ಬಿದ್ದು ತಂತಿ ಅಲ್ಲಾಡಿರತ್ತೆ. ಮಲ್ಕೊಳ್ಳಿ. ಬೆಳಿಗ್ಗೆ ಒಲೆ ಹಚ್ಚೋದು ಹಿಟ್ಲರ್ ಅಲ್ಲ, ನೀವೇ."

ಅದು ನಿಜವೂ ಇರಬಹುದಿತ್ತು. ರಾತ್ರಿ ಊಟದ ನಂತರ ಯಾರೂ ಗಂಟೆ ಎಳೆಯಬಾರದೆಂದು ಮನೆಯ ಒಡೆಯ ಲಾರ್ಡ್ ಸೆಲ್ವಿಕ್ ಅವರೇ ನಿಯಮ ಮಾಡಿದ್ದರು. ಗಂಡಾಳುಗಳೆಲ್ಲ ಸೈನ್ಯಕ್ಕೆ ಹೋಗಿದ್ದರು. ಆ ನಿಯಮವನ್ನು ಜಿಲ್ಲೆಯ ಪತ್ರಿಕೆ ಅವರ ಭಾವಚಿತ್ರದೊಡನೆ ಹೊಗಳಿ ಬರೆದಿತ್ತು. ಮತ್ತೊಮ್ಮೆ ಸದ್ದಾಗಲಿಲ್ಲ. ನಾವು ಹಿಂದಿರುಗಿದೆವು.

ಬೆಳಿಗ್ಗೆ ಲೈಬ್ರರಿಯ ಪರದೆ ಸರಿಸಲು ಹೋದ ಮಾರ್ಗಿಟ್, ಬೆಂಕಿಗೂಡಿನ ಮುಂದೆ ಮಿಸ್ ನೋರಾ ಕೀಬಲ್ ಸತ್ತು ಬಿದ್ದಿದ್ದನ್ನು ಕಂಡಳು.

ಅಂದು ಏನಾಯಿತೆಂದು ಬಲ್ಲ ನಾವು ನಾಲ್ವರು ಹೆಂಗಸರಲ್ಲಿ ಈಗ ಉಳಿದಿರುವವಳು ನಾನೊಬ್ಬಳೇ. ಮಾತನ್ನು ಅಳೆದು ಆಡುವುದು ನನ್ನ ಸ್ವಭಾವ. ಆದರೂ ಇಷ್ಟು ವರ್ಷಗಳ ಮೇಲೆ ಈಗ ಬರೆಯಲು ಕೂತಿದ್ದೇನೆ.

ನಾನು ಎಡಿತ್ ವೆನ್. ಮಿಸ್ ಆಗ್ನೆಸ್ ಥ್ರೇಲ್ ಅವರ ಬಳಿ ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿದವಳು, ಆಮೇಲೆ ಅವರ ಜೊತೆಗೇ ಉಳಿದುಬಿಟ್ಟವಳು. ಪೊಲೀಸರು ಕೈಚೆಲ್ಲಿದ ಎಷ್ಟೋ ಪ್ರಕರಣಗಳನ್ನು ಮಿಸ್ ಥ್ರೇಲ್ ಕುರ್ಚಿಯಲ್ಲಿ ಕೂತು ಕಾಲುಚೀಲ ಹೆಣೆಯುತ್ತಲೇ ಬಿಡಿಸಿದ್ದರು. ಲಂಡನ್ನಿನ ನಮ್ಮ ಮನೆ ಬಾಂಬಿಗೆ ಸಿಕ್ಕ ಮೇಲೆ, ಮನೆ ಕಳೆದುಕೊಂಡವರನ್ನು ಹಂಚುವ ಅಧಿಕಾರಿ ನಮ್ಮನ್ನು ಸ್ಟೋಕ್‌ಮೀರಿಗೆ ಕಳಿಸಿದ್ದ. ಮೇಲಿನ ಹೆಚ್ಚಿನ ಕೋಣೆಗಳನ್ನು ಕಲ್ಲಿದ್ದಲು ಉಳಿಸಲು ಮುಚ್ಚಿದ್ದರಿಂದ ನಮಗೆ ಸಿಕ್ಕಿದ್ದು ಕೆಳಗಿನ, ಗಂಟೆಗಳ ಪಕ್ಕದ ಕೋಣೆ.

ಆ ರಾತ್ರಿ ಮೇಲಿದ್ದವರು ಮೂವರೇ: ಲಾರ್ಡ್ ಸೆಲ್ವಿಕ್, ಅವರ ಅತಿಥಿ ಪಾರ್ಲಿಮೆಂಟ್ ಸದಸ್ಯ ಜೋಸಯಾ ಗ್ರೈಸ್, ಮತ್ತು ಲಾರ್ಡ್ ಸೆಲ್ವಿಕ್ ಅವರ ಕಾರ್ಯದರ್ಶಿ ನೋರಾ. ಕೆಳಗೆ ನಾವಿಬ್ಬರು, ಮಿಸೆಸ್ ಬಡ್, ಮಾರ್ಗಿಟ್. ಸಂಜೆಯಿಂದ ಬಿದ್ದ ಹಿಮದ ಮೇಲೆ ಬೆಳಗಿನ ಹಾಲಿನವನ ಹೆಜ್ಜೆಗಳನ್ನು ಬಿಟ್ಟರೆ ಬೇರೆ ಗುರುತಿರಲಿಲ್ಲ. ಹೊರಗಿನವರು ಬಂದಿರಲಿಲ್ಲ.

ನೋರಾ ಏಕೆ ಸತ್ತಳೆಂಬುದು ನನಗೆ ಆ ಕ್ಷಣವೇ ಗೊತ್ತಾಯಿತು. ಯಾರಿಂದ ಎಂಬುದು ಗೊತ್ತಾಗಲಿಲ್ಲ.

ಹಿಂದಿನ ಮಧ್ಯಾಹ್ನ ಅವಳು ತನ್ನ ಕೋಣೆಗೆ ಕಲ್ಲಿದ್ದಲು ಒಯ್ಯಲು ಕೆಳಗೆ ಬಂದಿದ್ದಳು. ಅಂಚೆಯವನ ಮಗಳು, ಗಂಟೆಯ ಹಗ್ಗ ಮುಟ್ಟಿದವಳೇ ಅಲ್ಲ. ಬಕೆಟ್ಟಿನ ಇನ್ನೊಂದು ತುದಿ ನಾನು ಹಿಡಿದೆ. ಮೆಟ್ಟಿಲ ತಿರುವಿನಲ್ಲಿ ಬಕೆಟ್ ಇಳಿಸಿ ಅವಳು ಇದ್ದಕ್ಕಿದ್ದಂತೆ ಹೇಳಿದಳು:

"ಎಡಿತ್, ಹೋದ ಬೇಸಿಗೇಲಿ ಫ್ರಾನ್ಸ್ ಬೀಳ್ತಿತ್ತಲ್ಲ, ಆಗ ನಮ್ಮ ಪ್ರಭುಗಳು, ಗ್ರೈಸ್, ಇನ್ನೂ ಮೂರು ನಾಲ್ಕು ಜನ ಒಬ್ಬರಿಗೊಬ್ಬರು ಕಾಗದ ಬರ್ಕೊಂಡ್ರು. ಜರ್ಮನಿ ಜೊತೆ ರಾಜಿ ಮಾಡ್ಕೊಳ್ಳೋದು ಹೇಗೆ, ಏನು ಕೊಟ್ರೆ ನಮ್ಮ ಜಮೀನು ಕಾರ್ಖಾನೆ ಉಳಿಯತ್ತೆ ಅಂತ. 'ಬುದ್ಧಿವಂತರಾಗೋಣ' ಅಂತ ಒಂದು ವಾಕ್ಯ. ಅದನ್ನ ಟೈಪ್ ಮಾಡಿದ್ದು ಈ ಕೈ. ಆ ವಾರ ನನ್ನ ತಮ್ಮ ಡಂಕರ್ಕ್ ದಂಡೇಲಿ ಕುತ್ತಿಗೆ ಮಟ್ಟ ನೀರಲ್ಲಿ ದೋಣಿಗೆ ಕಾಯ್ತಾ ನಿಂತಿದ್ದ."

"ಬಂದನಾ?"

"ಇಲ್ಲ." ಅವಳು ಬಕೆಟ್ ಎತ್ತಿದಳು. "ಈಗ ಗ್ರೈಸ್‌ಗೆ ಮಂತ್ರಿ ಆಗ್ಬೇಕಂತೆ. ಪ್ರಭುಗಳು ರೇಡಿಯೋದಲ್ಲಿ ಧೈರ್ಯದ ಬಗ್ಗೆ ಭಾಷಣ ಮಾಡ್ತಾರೆ. ಆ ಕಟ್ಟು ಲೈಬ್ರರಿ ಡ್ರಾಯರಲ್ಲಿದೆ. ಎಲ್ರೂ ಮಲಗಿದ್ಮೇಲೆ ತಗೊಂಡು, ಬೆಳಗಿನ ರೈಲಿಗೆ ಹೋಗ್ತೀನಿ."

ರಾತ್ರಿ ಲೈಬ್ರರಿಯಲ್ಲಿ ನಾವೆಲ್ಲ ರೇಡಿಯೋ ವಾರ್ತೆ ಕೇಳಲು ಕೂತಿದ್ದಾಗ ಅವಳ ಮುಖ ಬಿಳಿಚಿಕೊಂಡಿತ್ತು. ಗ್ರೈಸ್ ಅವಳನ್ನು ಕುಟುಕಿದ: "ಟೈಪ್ ಮಾಡೋರು ಓದೋ ಅಭ್ಯಾಸ ಇಟ್ಕೋಬಾರದು ಮಿಸ್ ಕೀಬಲ್. ಕಣ್ಣು ಹಾಳಾಗತ್ತೆ." ಅವಳು, "ನನ್ನ ಕಣ್ಣು ಈಗ ಚೆನ್ನಾಗಿ ಕಾಣ್ತಿದೆ ಮಿಸ್ಟರ್ ಗ್ರೈಸ್," ಎಂದಳು. ಲಾರ್ಡ್ ಸೆಲ್ವಿಕ್ ನಕ್ಕರು. ಆಮೇಲೆ ಅವರು ಟೆಲಿಫೋನಿಗೆಂದು ಎದ್ದು ಹೋದರು. ಬೆಂಕಿ ಇಳಿದಿತ್ತು. ಗ್ರೈಸ್ ಗೊಣಗುತ್ತಾ ಎದ್ದು, ಕಿಟಕಿಯ ಕೆಳಗಿನ ಮೆತ್ತೆಯ ಆಸನದ ಹಲಗೆ ಎತ್ತಿ, ಒಳಗಿನ ಕಲ್ಲಿದ್ದಲನ್ನು ಬರಿಗೈಯಲ್ಲೇ ತೆಗೆದು ಬೆಂಕಿಗೆ ಹಾಕಿದ.

"ನಮ್ಮಪ್ಪ ಗಣಿಯಲ್ಲಿ ಅಗೀತಿದ್ದ," ಎಂದು ಕರಿಗೈ ತೋರಿಸಿದ. "ನಾನು ಮೂರು ಕಾರ್ಖಾನೆ ಕಟ್ಟಿದ್ರೂ ಇದು ಹೋಗ್ಲಿಲ್ಲ ನೋಡಿ."

ಬೆಂಕಿಗೂಡಿನ ಪಕ್ಕದಲ್ಲಿ ಮೊದಲು ದೊಡ್ಡ ಹಿತ್ತಾಳೆಯ ಕಲ್ಲಿದ್ದಲ ತೊಟ್ಟಿ ಇತ್ತಂತೆ. ಶರತ್ಕಾಲದಲ್ಲಿ ಲಾರ್ಡ್ ಸೆಲ್ವಿಕ್ ಅದನ್ನು ವಿಮಾನ ತಯಾರಿಕೆಯ ಲೋಹಸಂಗ್ರಹಕ್ಕೆ ಕೊಟ್ಟಿದ್ದರು. ಅದಕ್ಕೂ ಪತ್ರಿಕೆಯಲ್ಲಿ ಭಾವಚಿತ್ರ ಬಂದಿತ್ತು. ಅಂದಿನಿಂದ ಮಾರ್ಗಿಟ್ ಪ್ರತಿ ಸಂಜೆ ಕಿಟಕಿಯ ಆಸನದೊಳಗೆ ಕಲ್ಲಿದ್ದಲು ತುಂಬಿಡುತ್ತಿದ್ದಳು.

ಲಾರ್ಡ್ ಸೆಲ್ವಿಕ್ ಹಿಂದಿರುಗುವ ಹೊತ್ತಿಗೆ ಬೆಂಕಿ ಚೆನ್ನಾಗಿ ಉರಿಯುತ್ತಿತ್ತು. "ಆಹಾ, ಬೆಚ್ಚಗಿದೆ," ಎಂದು ಕೂತರು.

ಇನ್‌ಸ್ಪೆಕ್ಟರ್ ಟೆಬಟ್ ದಡೂತಿ ಮನುಷ್ಯ; ಮೇಲಿನವರ ಮುಂದೆ ಟೋಪಿಯನ್ನು ಎದೆಗೆ ಒತ್ತಿಕೊಂಡು ಮಾತಾಡುವವನು. ಡಾಕ್ಟರು ಹೇಳಿದ್ದು ಇಷ್ಟು: ಹಿಂದಿನಿಂದ ತಲೆಗೆ ಒಂದೇ ಪೆಟ್ಟು, ಬೆಂಕಿ ಕೆದಕುವ ಕಬ್ಬಿಣದ ಸಲಾಕೆಯಿಂದ. ಬಿದ್ದ ಜಾಗದಲ್ಲೇ ಪ್ರಾಣ ಹೋಗಿದೆ, ಇನ್ನೊಂದು ಉಸಿರು ಎಳೆದಿಲ್ಲ. ಬೆಂಕಿಗೂಡಿನಲ್ಲಿ ಸುಟ್ಟ ಕಾಗದದ ಕರಿಬೂದಿ ಇತ್ತು. ಡ್ರಾಯರು ಖಾಲಿ.

ನೋರಾ ನನಗೆ ಹೇಳಿದ್ದನ್ನೆಲ್ಲ ಕೇಳಿಸಿಕೊಂಡ ಮೇಲೂ ಟೆಬಟ್‌ಗೆ ಪ್ರಕರಣ ಅರ್ಧ ಗಂಟೆಯಲ್ಲಿ ಮುಗಿಯಿತು.

"ಕಾಗದ ಜರ್ಮನಿ ವಿಷಯದ್ದು. ಈ ಮನೇಲಿ ಜರ್ಮನ್ ಮಾತಾಡೋಳು ಯಾರು?"

"ಅವಳು ಯೆಹೂದಿ ಹುಡುಗಿ ಇನ್‌ಸ್ಪೆಕ್ಟರೇ," ಎಂದರು ಮಿಸ್ ಥ್ರೇಲ್. "ವಿಯೆನ್ನಾದಿಂದ ಜೀವ ಉಳಿಸಿಕೊಂಡು ಓಡಿ ಬಂದೋಳು. ಅಪ್ಪನ್ನ ಹಿಟ್ಲರನ ಜನ ಕೊಂದಿದ್ದಾರೆ."

"ಹಾಗಂತ ಅವಳೇ ತಾನೇ ಹೇಳೋದು? ಮೇಡಂ, ಬೂದಿ ಮುಟ್ಟಿದ್ಯಾ ಅಂದ್ರೆ ಇಲ್ಲ ಅಂತಾಳೆ. ಏಪ್ರನ್ ತುಂಬ ಮಸಿ. ಬೆರಳು ಬೇರೆ ಸುಟ್ಕೊಂಡಿದ್ದಾಳೆ. ಸುಳ್ಳು ಹೇಳೋಳು ಇನ್ನೇನು ಮಾಡಿರಲ್ಲ? ಸಂಜೆ ವ್ಯಾನ್ ಬರತ್ತೆ. ಯುದ್ಧಕಾಲದಲ್ಲಿ ಗೂಢಚಾರರಿಗೆ ಏನು ಶಿಕ್ಷೆ ಅಂತ ತಮಗೆ ಗೊತ್ತು."

"ಗಂಟೆ ಬಾರಿಸಿದ್ದು?"

"ಸತ್ತೋಳು. ಸಹಾಯಕ್ಕೆ."

ಮಾರ್ಗಿಟ್ ಅಡುಗೆಮನೆಯ ಬೆಂಚಿನ ಮೇಲೆ ಕೈ ಮಡಿಲಲ್ಲಿಟ್ಟು ಕೂತಿದ್ದಳು. ಅಳುತ್ತಿರಲಿಲ್ಲ. ಬಾಗಿಲಲ್ಲಿ ಪೇದೆ. ಮಿಸೆಸ್ ಬಡ್ ತಮ್ಮ ವಾರದ ಸಕ್ಕರೆಯನ್ನೆಲ್ಲ ಅವಳ ಚಹಾಕ್ಕೆ ಸುರಿದು, "ಕುಡಿಯೇ ತಾಯಿ, ಇದೇನು ಇವರಪ್ಪನ ಮನೆಯಿಂದ ತಂದಿದ್ದಲ್ಲ," ಎಂದು ಪೇದೆಯನ್ನು ದುರುಗುಟ್ಟಿಕೊಂಡು ನೋಡಿದರು.

ಮಿಸ್ ಥ್ರೇಲ್ ಹೆಚ್ಚು ಓಡಾಡಲಿಲ್ಲ. ಲೈಬ್ರರಿಗೆ ಹೋಗಿ ಬೂದಿಯ ಮುಂದೆ ಮಂಡಿಯೂರಿ, ಸುಟ್ಟ ದಾರದ ಗಂಟೊಂದನ್ನು ಅಂಗೈ ಮೇಲಿಟ್ಟುಕೊಂಡು ನೋಡಿದರು. ಕಿಟಕಿಯ ಆಸನದ ಹಲಗೆ ಎತ್ತಿದರು. ಒಳಗೆ ಕಲ್ಲಿದ್ದಲು ಅರ್ಧಕ್ಕಿಂತ ಮೇಲಿತ್ತು. ಬೆಂಕಿಗೂಡಿನ ಎಡಕ್ಕೆ ಇಳಿಬಿದ್ದಿದ್ದ ಗಂಟೆಯ ಹಗ್ಗದ ರೇಷ್ಮೆಯ ಕುಚ್ಚನ್ನು ಕನ್ನಡಕ ಮೇಲೆತ್ತಿ ಪರೀಕ್ಷಿಸಿದರು. ಕೆನೆಬಣ್ಣದ ರೇಷ್ಮೆಯ ಮೇಲೆ ಮಸಿ.

ಊಟದ ಹೊತ್ತಿಗೆ ಅವರು ಲಾರ್ಡ್ ಸೆಲ್ವಿಕ್ ಅವರನ್ನು ಮಾತಾಡಿಸಿದರು. "ನಾನು ಹತ್ತು ಗಂಟೆಗೆ ನಿದ್ದೆಮದ್ದು ತಗೊಂಡು ಮಲಗಿದೆ. ಪಾಪ, ಒಳ್ಳೆ ಹುಡುಗಿ, ಸ್ವಲ್ಪ ಉದ್ವೇಗ," ಎಂದರು ಅವರು. ಗ್ರೈಸ್ ಮಾತ್ರ ಬೆವರುತ್ತಿದ್ದ. "ನನಗೆ ಅವಳ ಮೇಲೆ ಸಿಟ್ಟಿತ್ತು, ಸುಳ್ಳು ಯಾಕೆ ಹೇಳ್ಲಿ. ಆದ್ರೆ ನಾನು ಕೊಲ್ಲೋನಲ್ಲ. ಕೊಳ್ಳೋನು. ಹಣ ಕೊಟ್ಟು ಆ ಕಾಗದ ಕೇಳೋಣ ಅಂತಿದ್ದೆ."

ಕೊನೆಗೆ ಮಾರ್ಗಿಟ್‌ಳನ್ನು ಪಾತ್ರೆ ತೊಳೆಯುವ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡರು. ಹೊರಗೆ ಬಂದಾಗ ಅವರ ತುಟಿ ಬೆಳ್ಳಗಾಗಿತ್ತು. ಇಪ್ಪತ್ತು ವರ್ಷಗಳಲ್ಲಿ ನಾನು ಅವರ ಸಿಟ್ಟನ್ನು ಕಂಡಿದ್ದು ಎರಡು ಸಲ. ಅವರ ದನಿ ಏರುವುದಿಲ್ಲ, ಇನ್ನೂ ಕೆಳಗಿಳಿಯುತ್ತದೆ.

"ಎಡಿತ್," ಎಂದರು, "ವ್ಯಾನ್ ಬರೋದ್ರೊಳಗೆ ಎಲ್ರೂ ಲೈಬ್ರರಿಲಿ ಇರ್ಬೇಕು. ಅಲ್ಲಿನ ಬೆಂಕಿಗೆ ಈಗಲೇ ಸ್ವಲ್ಪ ಕಲ್ಲಿದ್ದಲು ಹಾಕು, ಜಾಸ್ತಿ ಬೇಡ. ಮಿಸೆಸ್ ಬಡ್, ನೀವು ಗಂಟೆಗಳ ಕೆಳಗೆ ಕುರ್ಚಿ ಹಾಕ್ಕೊಂಡು ಕೂತ್ಕೊಳ್ಳಿ. ಯಾವುದಾದ್ರೂ ಬಾರಿಸಿದ್ರೆ ಮೇಲೆ ಬನ್ನಿ."

"ಯಾರು ಬಾರಿಸ್ತಾರಮ್ಮಾ? ಎಲ್ರೂ ನಿಮ್ ಜೊತೆನೇ ಇರ್ತಾರಲ್ಲ."

"ಅದಕ್ಕೇ."

ಕತ್ತಲಾಗುವ ಹೊತ್ತಿಗೆ ಕಪ್ಪು ಪರದೆಗಳನ್ನು ಎಳೆದೆವು. ಬೆಂಕಿಗೂಡಿನ ಎಡಕ್ಕೆ ತಮ್ಮ ಎಂದಿನ ಕುರ್ಚಿಯಲ್ಲಿ ಲಾರ್ಡ್ ಸೆಲ್ವಿಕ್, ಎದುರಿಗೆ ಗ್ರೈಸ್, ಬಾಗಿಲ ಬಳಿ ಟೆಬಟ್, ಅವನ ಪಕ್ಕದಲ್ಲಿ ನಿಂತ ಮಾರ್ಗಿಟ್. ಕುರ್ಚಿ ಕೊಡಬೇಕೆಂದು ಯಾರಿಗೂ ತೋಚಲಿಲ್ಲ. ನಾನು ನನ್ನದನ್ನು ಕೊಟ್ಟೆ. ಮಿಸ್ ಥ್ರೇಲ್ ಹೆಣಿಗೆ ತೆಗೆದು ನಿಧಾನವಾಗಿ ಮಾತು ಶುರು ಮಾಡಿದರು. ಎಷ್ಟು ನಿಧಾನವೆಂದರೆ ಟೆಬಟ್ ಎರಡು ಸಲ ಗಡಿಯಾರ ನೋಡಿದ. ಹಿಮದ ಬಗ್ಗೆ ಹೇಳಿದರು, ಮನೆಯ ಬಾಗಿಲುಗಳ ಬಗ್ಗೆ, ಡಾಕ್ಟರ ಮಾತಿನ ಬಗ್ಗೆ. ಬೆಂಕಿ ಕೆಂಪಾಯಿತು, ಬೂದಿಯ ಬಣ್ಣಕ್ಕೆ ತಿರುಗಿತು. ನನ್ನ ಕಾಲು ಮರಗಟ್ಟಿತು. ಗ್ರೈಸ್ ಕೋಟಿನ ಕಾಲರ್ ಎತ್ತಿಕೊಂಡ.

"ಇನ್‌ಸ್ಪೆಕ್ಟರೇ, ಸತ್ತವಳು ಗಂಟೆ ಬಾರಿಸಿದಳು ಅಂತೀರಿ. ಬಿದ್ದ ಜಾಗದಲ್ಲೇ ಸತ್ತವಳು, ಆರಡಿ ಆಚೆಗಿರೋ ಹಗ್ಗ ಹೇಗೆ ಎಳೀತಾಳೆ?"

"ಹಾಗಾದ್ರೆ ಈ ಹುಡುಗೀನೇ ಎಳೆದಿರ್ಬೇಕು."

"ಎಳೆದು? ಎಡಿತ್ ಸದ್ದು ಕೇಳಿ ಬಾಗಿಲು ತೆಗೆದಾಗ ಮಾರ್ಗಿಟ್ ಆಗಲೇ ಗಂಟೆ ಮುಂದೆ ಇದ್ದಳು. ಲೈಬ್ರರಿಯಿಂದ ಅಲ್ಲಿಗೆ ಎರಡು ಅಂತಸ್ತು ಇಳಿದು ಉದ್ದದ ಕಾರಿಡಾರ್ ದಾಟಬೇಕು. ಅದೂ ಅಲ್ಲದೆ, ತನ್ನನ್ನ ತಾನೇ ಕರೆಯೋಕೆ ಗಂಟೆ ಬಾರಿಸೋ ಆಳು ಎಲ್ಲಾದ್ರೂ ಇರ್ತಾಳಾ?"

ಟೆಬಟ್ ಬಾಯಿ ತೆರೆದ. ಆಗಲೇ ಕೆಳಗೆ, ಬಹಳ ದೂರದಲ್ಲಿ, ಚಮಚ ತಾಗಿದಂತಹ ಸದ್ದು.

ಯಾರೂ ಅಲುಗಲಿಲ್ಲ. ಮಿಸ್ ಥ್ರೇಲ್ ಅವರ ಸೂಜಿಗಳೂ ನಿಂತವು. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಏದುಸಿರು ಕೇಳಿಸಿತು, ಬಾಗಿಲು ತೆರೆಯಿತು, ಮಿಸೆಸ್ ಬಡ್ ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಕರೆದ್ರಾ ಪ್ರಭುಗಳೇ?"

ಲಾರ್ಡ್ ಸೆಲ್ವಿಕ್ ಅವರ ಎಡಗೈ ಆ ರೇಷ್ಮೆಯ ಕುಚ್ಚಿನ ಮೇಲೆಯೇ ಇತ್ತು. ಅವರು ಅದನ್ನು ಬೇರೆ ಯಾರದೋ ಕೈಯೆಂಬಂತೆ ನೋಡಿದರು.

"ಏನು ಬೇಕಿತ್ತು ಪ್ರಭುಗಳೇ?" ಎಂದು ಕೇಳಿದರು ಮಿಸ್ ಥ್ರೇಲ್.

"ಚಳಿ... ಕಲ್ಲಿದ್ದಲು."

"ಎಲ್ಲಿದೆ ಅದು?"

"ನನಗೇನು ಗೊತ್ತು?"

ಗ್ರೈಸ್ ಕಿಟಕಿಯತ್ತ ನೋಡಿದ. ಮಾರ್ಗಿಟ್ ನೋಡಿದಳು. ನಾನೂ ನೋಡಿದೆ. ಮಿಸ್ ಥ್ರೇಲ್ ಎದ್ದು ಹೋಗಿ ಆಸನದ ಹಲಗೆ ಎತ್ತಿದರು.

"ಈ ಮನೇಲಿ ಉಂಡು ಮಲಗೋ ಪ್ರತಿಯೊಬ್ರಿಗೂ ಗೊತ್ತು. ಮೊನ್ನೆ ಬಂದ ಅತಿಥಿಗೂ ಗೊತ್ತು. ತೊಟ್ಟಿ ದಾನ ಮಾಡಿ ಫೋಟೋ ತೆಗೆಸ್ಕೊಂಡೋರಿಗೆ ಮಾತ್ರ ಗೊತ್ತಿಲ್ಲ. ಕಲ್ಲಿದ್ದಲು ಆಮೇಲೆ ಎಲ್ಲಿಗೆ ಹೋಯ್ತು ಅಂತ ಅವರು ಕೇಳಲೇ ಇಲ್ಲ. ಅವರ ಬದುಕಲ್ಲಿ ಬೆಂಕಿ ತಾನಾಗೇ ಉರಿಯತ್ತೆ."

ಆಮೇಲೆ ಅವರು ಒಂದೊಂದಾಗಿ ಬಿಡಿಸಿದರು. ರಾತ್ರಿ ನೋರಾ ಡ್ರಾಯರಿನಿಂದ ಕಟ್ಟು ತೆಗೆದು, ಆರುತ್ತಿದ್ದ ಬೆಂಕಿಯ ಬೆಳಕಿಗೆ ಹಿಡಿದಿದ್ದಳು. ಹಿಂದಿನಿಂದ ಬಂದವರು ಸಲಾಕೆ ಎತ್ತಿದರು. ಕಾಗದಗಳನ್ನು ಬೆಂಕಿಗೆ ಹಾಕಿದರು, ಆದರೆ ದಾರ ಬಿಚ್ಚದೆ, ಇಡೀ ಕಟ್ಟನ್ನೇ.

"ಒಲೆ ಹಚ್ಚಿದೋರು ಯಾರೂ ಹಾಗೆ ಮಾಡಲ್ಲ. ಬಿಗಿಯಾಗಿ ಕಟ್ಟಿದ ಕಾಗದ ಇಟ್ಟಿಗೆ ಥರ. ಅಂಚು ಸುಡತ್ತೆ, ಹೊಟ್ಟೆ ಹಾಗೇ ಉಳಿಯತ್ತೆ. ಮಿಸ್ಟರ್ ಗ್ರೈಸ್ ಆಗಿದ್ರೆ ಒಂದೊಂದೇ ಹಾಳೆ ಹಾಕ್ತಿದ್ರು. ಇವರು ಕಟ್ಟನ್ನ ಹಾಕಿ ನಿಂತ್ರು. ಬೆಂಕಿ ಉಸಿರುಗಟ್ಟಿ ಆರೋಕೆ ಶುರುವಾಯ್ತು. ಕಾಲ ಬಳಿ ಹೆಣ. ಕೈಯೆಲ್ಲ ಮಸಿ. ಬೆಂಕಿ ಆರ್ತಿದೆ, ಕಲ್ಲಿದ್ದಲು ಬೇಕು. ಅರವತ್ತು ವರ್ಷ ಅಂಥ ಹೊತ್ತಲ್ಲಿ ಈ ಕೈ ಏನು ಮಾಡ್ತಿತ್ತೋ ಅದನ್ನೇ ಮಾಡ್ತು. ಎಳೆದ ಮೇಲೆ ಗೊತ್ತಾಯ್ತು, ಕೊಲೆ ಜಾಗಕ್ಕೆ ಆಳನ್ನ ಕರೆದೆ ಅಂತ. ಓಡಿದ್ರು. ಕಟ್ಟು ಅಲ್ಲೇ ಉಳೀತು."

"ಅಲ್ಲೇ ಉಳಿದಿದ್ರೆ ಈಗ ಎಲ್ಲಿ?" ಎಂದ ಟೆಬಟ್.

"ಬೆಳಿಗ್ಗೆ ಕೆಂಡದಿಂದ ಅದನ್ನ ಎತ್ತಿದೋಳು ಮಾರ್ಗಿಟ್. ಬೆರಳು ಸುಟ್ಟಿದ್ದು ಹಾಗೆ. ರಾತ್ರಿಯಿಡೀ ಕಮರಿದ್ದ ಅದರಲ್ಲಿ ಅವಳಿಗೆ ಓದೋಕೆ ಸಿಕ್ಕಿದ್ದು ಒಂದೇ ಹಾಳೆ. ಓದಿದ ಮೇಲೆ, ಈ ಮನೇಲಿ ಯಾರಿಗೆ ಕೊಡೋದು ಅಂತ ಗೊತ್ತಾಗ್ಲಿಲ್ಲ."

ಅಂಚು ಸುಟ್ಟ ಹಾಳೆಯನ್ನು ಅವರು ಹೆಣಿಗೆಯ ಚೀಲದಿಂದ ತೆಗೆದು, ಅದೇ ಇಳಿದ ದನಿಯಲ್ಲಿ ಓದಿದರು.

"'ನಮ್ಮ ಸದ್ಭಾವನೆಯ ಮೊದಲ ಗುರುತಾಗಿ, ಅಲ್ಲಿಂದ ಬಂದು ಸೇರಿಕೊಂಡಿರುವ ನಿರಾಶ್ರಿತರನ್ನು ಹಿಂದಕ್ಕೆ ಒಪ್ಪಿಸಲು ಸಿದ್ಧರೆಂದು ಸೂಚಿಸಬಹುದು. ಇದರಿಂದ ನಮಗೇನೂ ನಷ್ಟವಿಲ್ಲ. ನನ್ನ ಮನೆಯಲ್ಲೂ ಒಬ್ಬಳಿದ್ದಾಳೆ. ಒಲೆ ಚೆನ್ನಾಗಿ ಹಚ್ಚುತ್ತಾಳೆ. ಬೇರೊಬ್ಬಳನ್ನು ಹುಡುಕಿಕೊಂಡರಾಯಿತು.' ಕೆಳಗೆ ಸೆಲ್ವಿಕ್ ಅಂತ ಸಹಿ."

ಗ್ರೈಸ್ ಹಾಳೆಯತ್ತ ಬಗ್ಗಿದ. "ಅದರಲ್ಲಿ... ನನ್ನ ಹೆಸರಿರೋ ಭಾಗ ಸುಟ್ಟಿದೆಯಾ?"

ಮಿಸೆಸ್ ಬಡ್ ಅವನ ಮುಖ ನೋಡಿ, ನಿಧಾನವಾಗಿ, "ಥೂ," ಎಂದರು.

ಲಾರ್ಡ್ ಸೆಲ್ವಿಕ್ ಎದ್ದು ನಿಂತರು. ಅವರ ಮುಖದಲ್ಲಿ ಹೆದರಿಕೆಯಿರಲಿಲ್ಲ. ಅದೇ ನನ್ನನ್ನು ಇಂದಿಗೂ ನಿದ್ದೆಯಿಂದ ಎಬ್ಬಿಸುವುದು.

"ಆ ಹುಡುಗಿ ನನ್ನ ಮನೇಲಿ ನನ್ನ ಕಾಗದ ಕದಿಯುತ್ತಿದ್ದಳು. ನಾನು ದೇಶವನ್ನ ಉಳಿಸೋ ಯೋಚನೆ ಮಾಡಿದ್ದು. ನಿಮಗೆ ಅದು ಅರ್ಥವಾಗಲ್ಲ. ಟೆಬಟ್, ನಾನು ಹೇಳೋ ನಂಬರಿಗೆ ಲಂಡನ್ನಿಗೆ ಫೋನ್ ಮಾಡು."

ಟೆಬಟ್ ಹೋದ. ಬಹಳ ಹೊತ್ತು ಬರಲಿಲ್ಲ. ಬಂದಾಗ ಟೋಪಿ ಎದೆಯ ಮೇಲಿತ್ತು, ಆದರೆ ಅದನ್ನು ಹಿಡಿದಿದ್ದ ಬೆರಳುಗಳು ಬಿಳಿಚಿದ್ದವು.

"ಮಿಸ್ ಕೀಬಲ್ ಪುಸ್ತಕದ ಏಣಿಯಿಂದ ಬಿದ್ದು ತೀರಿಕೊಂಡ್ರು," ಎಂದ, ಗೋಡೆಗೆ ಹೇಳುವಂತೆ. "ಕತ್ತಲಲ್ಲಿ. ಪ್ರಭುಗಳಿಗೆ ಆರೋಗ್ಯ ಸರಿಯಿಲ್ಲ, ಇವತ್ತೇ ಸ್ಕಾಟ್ಲೆಂಡಿನ ಮನೆಗೆ ಹೋಗ್ತಾರೆ, ಇನ್ನು ಅಲ್ಲೇ ಇರ್ತಾರೆ. ಆ ಹಾಳೆ ನನಗೆ ಕೊಡಬೇಕು."

"ಯಾರು ತೀರ್ಮಾನ ಮಾಡಿದ್ದು?"

"ಹೆಸರು ಹೇಳಲಿಲ್ಲ. ಜನರ ಧೈರ್ಯ ಕುಗ್ಗಬಾರದಂತೆ."

"ಕೊಡದಿದ್ರೆ?"

ಟೆಬಟ್ ಮಾರ್ಗಿಟ್‌ಳತ್ತ ನೋಡಲಾರದೆ ನೋಡಿದ. "ವ್ಯಾನ್ ಹೊರಗೇ ನಿಂತಿದೆ ಮೇಡಂ. ಲಂಡನ್ನಿನವರಿಗೆ ಕೊಲೆಗಾರರು ಅಂತ ಒಬ್ಬರು ಬೇಕು. ಇಲ್ಲಾಂದ್ರೆ ಯಾರೂ ಬೇಡ. ಹಾಳೆ ಕೊಟ್ರೆ ಖಾಲಿ ವ್ಯಾನ್ ಹೋಗತ್ತೆ, ಈ ದೇಶದಲ್ಲಿರೋಕೆ ಅವಳಿಗಿರೋ ಪರ್ಮಿಟ್ ಹಾಗೇ ಇರತ್ತೆ. ಯಾರೂ ಬಾಯಿ ಬಿಡದಿದ್ರೆ."

ಮಿಸ್ ಥ್ರೇಲ್ ಹಾಳೆಯನ್ನು ನೋಡಿದರು, ಮಾರ್ಗಿಟ್‌ಳನ್ನು ನೋಡಿದರು. ಸತ್ಯವನ್ನು ತಕ್ಕಡಿಯಲ್ಲಿಟ್ಟು ಮಾರಿದವರಲ್ಲ ಅವರು. ಹಾಳೆಯನ್ನು ಟೆಬಟ್‌ನ ಕೈಗೆ ಕೊಡಲಿಲ್ಲ; ನೆಲಕ್ಕೆ ಬಿಟ್ಟರು. ಅವನು ಬಗ್ಗಿ ಎತ್ತಿಕೊಳ್ಳಬೇಕಾಯಿತು.

ನಾವು ನಾಲ್ವರು ಅಡುಗೆಮನೆಗೆ ಇಳಿದು ಬಂದೆವು. ಮೇಲೆ ಲಾರ್ಡ್ ಸೆಲ್ವಿಕ್ ಕಾರಿಗೆ ಕಾಯುತ್ತಿದ್ದರು. ಮಿಸೆಸ್ ಬಡ್ ಚಹಾದ ಹಳೆಯ ಸೊಪ್ಪಿಗೇ ಮತ್ತೆ ನೀರು ಸುರಿದರು.

"ಮಾರ್ಗಿಟ್," ಎಂದರು ಮಿಸ್ ಥ್ರೇಲ್, "ನಾನು ಕೊಟ್ಟಿದ್ದು ಕಾಗದ, ನಾಲಿಗೆಯಲ್ಲ. ನಾಳೆ ಲಂಡನ್ನಿಗೆ ಹೋಗಿ ಸಿಕ್ಕ ಸಿಕ್ಕ ಪತ್ರಿಕೆಯವರಿಗೆಲ್ಲ ಹೇಳಬಲ್ಲೆ. ಜೈಲಿಗೆ ಹಾಕಿದ್ರೆ ಹಾಕ್ಲಿ. ಆದ್ರೆ ಅದರ ಬೆಲೆ ತೆರೋಳು ನೀನು. ಅದಕ್ಕೇ ನೀನು ಹೇಳ್ಬೇಕು. ಏನು ಮಾಡಲಿ?"

ಮಾರ್ಗಿಟ್ ಸುಟ್ಟ ಬೆರಳಿಗೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿ ಮತ್ತೆ ಸುತ್ತಿದಳು.

"ನಮ್ಮ ಅಮ್ಮ ಇನ್ನೂ ವಿಯೆನ್ನಾದಲ್ಲಿದ್ದಾರೆ. ಅವರನ್ನ ಕರೆಸ್ಕೊಳ್ಳೋಕೆ ನಾನು ಇಲ್ಲಿರಬೇಕು. ನೀವು ಹೇಳಿದ್ರೆ ಪ್ರಭುಗಳಿಗೆ ಏನಾಗತ್ತೆ? ಏನೂ ಆಗಲ್ಲ. ಜರ್ಮನ್ ಹೆಂಗಸು ಕಟ್ಟಿದ ಕತೆ ಅಂತಾರೆ."

"ಹೌದು. ಹಾಗೇ ಅಂತಾರೆ."

"ಆ ಕಾಗದ ಬರ್ಕೊಂಡ ಉಳಿದೋರೂ ಇದ್ದಾರಲ್ಲ. ಇನ್ನೂ ದೊಡ್ಡ ಜಾಗದಲ್ಲಿದ್ದಾರೆ. ನನ್ನ ಪರ್ಮಿಟ್‌ಗೆ ಸಹಿ ಹಾಕೋರು ಅವರಲ್ಲಿ ಯಾರು ಅಂತ ನನಗೆ ಗೊತ್ತಿಲ್ಲ."

ಆಗ ಗಂಟೆ ಬಾರಿಸಿತು. ಕಾರಿಡಾರಿನ ಬಾಗಿಲು ತೆರೆದೇ ಇತ್ತು. ಲೈಬ್ರರಿಯ ಲೋಲಕ ನಮಗೆಲ್ಲ ಕಾಣುತ್ತಿತ್ತು. ಕೋಟು ಬೇಕಿತ್ತೋ, ಚಹಾ ಬೇಕಿತ್ತೋ. ಮಿಸೆಸ್ ಬಡ್ ಅಭ್ಯಾಸಬಲದಿಂದ ಅರ್ಧ ಎದ್ದವರು ಕೂತರು. ಮತ್ತೊಮ್ಮೆ ಬಾರಿಸಿತು, ಜೋರಾಗಿ. ಯಾರೂ ಏಳಲಿಲ್ಲ.

ನನಗೆ ಒಂದೇ ಮಾತು ಕೇಳಬೇಕಿತ್ತು. ಕೇಳದೆ ಇರಬಹುದಿತ್ತು.

"ನೋರಾಳ ಅಮ್ಮ ನಾಳೆ ಹೆಣ ತಗೊಂಡು ಹೋಗೋಕೆ ಬರ್ತಾರೆ. ಮಗ ಸಮುದ್ರದಲ್ಲಿ ಹೋದ. ಈಗ ಮಗಳು ಏಣಿಯಿಂದ ಬಿದ್ದಳು ಅಂತ ಕೇಳಬೇಕು. ಅವರಿಗೂ ಹೇಳಬಾರದಾ?"

ಮಾರ್ಗಿಟ್ ತೂಗುತ್ತಿದ್ದ ಲೋಲಕವನ್ನೇ ನೋಡುತ್ತಿದ್ದಳು. ಅದು ಸಣ್ಣದಾಗುತ್ತಾ, ಇನ್ನೂ ಸಣ್ಣದಾಗುತ್ತಾ, ಕೊನೆಗೆ ನಿಂತಿತು.

"ಅವರಿಗೂ ಹೇಳಬೇಡಿ," ಎಂದಳು. "ನಾನೂ ಯಾರಿಗೂ ಹೇಳಲ್ಲ."